ಕಲ್ಲು ಬೆಂಚಿನ ಎಡಗಡೆ ಜಾಗ

ರೀ, ನಿಮಗ ಮಣ್ಣು ಕೊಟ್ಟು ವರ್ಷಾತು, ಇನ್ನೂ ನನ್ನ ಮರ್ಯಾದಿ ಕಳೀತೀರಲ್ಲ!

ನೀವು ದಿನಾ ಗಿರಣಿ ಮುಚ್ಚಿ ಬಂದು, 'ತೋಟದಾಗ ಶಿವ ಕಾಣ್ತಾನ, ಬಾ' ಅಂತ ಕರೆದ್ರೂ, "ಗುಡಿ ಬಿಟ್ಟು ತೋಟದಾಗ ಎಂಥಾ ಶಿವ?" ಅಂತ ಬೈತಿದ್ದೆ. ಈಗ ವಾರದಿಂದ ಹೊಸಪೇಟೆ ಮುನ್ಸಿಪಾಲ್ಟಿ ತೋಟಕ್ಕ ನಾನೇ ಹೊಂಟೀನಿ. ಅಲ್ಲಿನ ಮದ್ರಾಸ್ ಗುಲಾಬಿ ಹೂ ಕಂಡ್ರ ಕೈ ತಾವಾಗೇ ಮುಗೀತಾವ.

ಇವತ್ತು ನೀವು ದಿನಾ ಕುಂದ್ರತಿದ್ದ ಕಲ್ಲು ಬೆಂಚಿನ ಮ್ಯಾಲ ಕುಂದ್ರಾಕ ಹೋದ್ರ ಮಾಲಿ ಗಾಳೆಪ್ಪ ತಡೆದ.

"ಎಡಗಡೆ ಬ್ಯಾಡ್ರಿ ಅವ್ವಾ. ಗಿರಣಿ ಯಜಮಾನ್ರು, 'ನಾಳೆ ನಮ್ಮಾಕಿ ಬರ್ತಾಳ' ಅಂತ ದಿನಾ ಒರೆಸಿಡ್ತಿದ್ದ ಜಾಗ ಅದು."

"ಆಕಿ ನಾನೇ" ಅಂದೆ. ನಂಬಲಿಲ್ಲ.

"ಹಂಗಾರ ಅವರ ಹೆಸರು ಹೇಳ್ರಿ."

ಮೂವತ್ತು ವರ್ಷ ಬಾಯಾಗ ಬರದ ಗಂಡನ ಹೆಸರು! ಸಿಟ್ಟಿಗೆ ಕೂಗೇಬಿಟ್ಟೆ: "ಜಡೆಪ್ಪಾ!"

ತೋಟದ ಮಂದಿಯೆಲ್ಲಾ ತಿರುಗಿ ನೋಡಿದ್ರು. ನೀವೊಬ್ರೇ ಓ ಅನ್ನಲಿಲ್ಲ.