ಎರಡು ಲೈಟಿಗೆ ಒಂದೇ ಹಾರ

7 ಸೆಪ್ಟೆಂಬರ್ 2025, ಭಾನುವಾರ, ಮಧ್ಯಾಹ್ನ

ತಲೆ ತಿರುಗಿಸುವ ಲೈಟಿನ ಸುದ್ದಿಯನ್ನು ನನಗೆ ಮೊದಲು ಹೇಳಿದವನು ಲೈಟ್ ಬಾಡಿಗೆಗೆ ಕೊಡುವ ಅತ್ತಿಗುಪ್ಪೆಯ ನಾಗೇಂದ್ರ. ಹೋದ ವರ್ಷದ ಗಣೇಶನ ಹಬ್ಬದಲ್ಲಿ, ಟೆಂಪೊದಿಂದ ಸ್ಪೀಕರ್ ಇಳಿಸುತ್ತಾ. 'ಇನ್ಮೇಲೆ ಜನ ಹಾಡು ಕೇಳಲ್ಲ ಗುರು, ಹಾಡು ನೋಡ್ತಾರೆ' ಅಂದಿದ್ದ. ನಕ್ಕಿದ್ದೆ.

ಇವತ್ತು ನಗು ಬರಲಿಲ್ಲ. ಬೆಳಗ್ಗೆ ಕೇಬಲ್ ಸುತ್ತಿಡುತ್ತಿದ್ದಾಗ ಯೋಗಾನಂದ ಅವರ ಫೋನ್. ಇಲ್ಲೇ ಕುರುಬರಹಳ್ಳಿಯ ಪಾರ್ಟಿ ಹಾಲ್ ಅವರದು. ಅವರ ಅಪ್ಪನ ಕಾಲದಲ್ಲಿ ಅದು ರಾಗಿ ಹೊಲ.

'ಏನ್ರೀ ಮಹದೇವ್, ಡಿಜೆ ಅಂತೀರ, ಎರಡು ಕಲರ್ ಬಲ್ಬು ತಗುಲಾಕ್ತೀರ. ಶಾಮಿಯಾನದೋರಾ ನೀವು?'

'ಹಾಡು ಚೆನ್ನಾಗಿ ಹಾಕ್ತೀನಲ್ಲ ಸಾರ್...'

'ಹಾಡು ನನ್ ಫೋನಲ್ಲೂ ಬರುತ್ತೆ. ಅಕ್ಟೋಬರ್ ಐದಕ್ಕೆ ನಮ್ಮ ಹುಡುಗೀದು ಎಂಗೇಜ್‌ಮೆಂಟು. ಆ ತಿರುಗೋ ಲೈಟ್ ತನ್ನಿ, ನೋಡ್ತೀನಿ. ಚೆನ್ನಾಗಿದ್ರೆ ಕಾರ್ತಿಕದಿಂದ ನಮ್ ಹಾಲ್ ಫಂಕ್ಷನ್ ಎಲ್ಲ ನಿಮ್ದೇ. ಇಲ್ದಿದ್ರೆ ಬೇರೆಯೋರು ಕ್ಯೂ ನಿಂತವ್ರೆ.'

ಆಷಾಢ ಕಳೆದ ಮೇಲೆ ನನಗೆ ಬಂದದ್ದು ಎರಡೇ ಕರೆ. ಈ ಹಾಲೂ ಹೋದರೆ ಸ್ಪೀಕರ್ ಮಾರಿ ಯಾವುದೋ ಶೋರೂಮಿನ ಬಾಗಿಲು ಕಾಯಬೇಕು. ನಲವತ್ತೆರಡಕ್ಕೆ ಸೆಕ್ಯೂರಿಟಿ ಯೂನಿಫಾರ್ಮ್. ಟೋಪಿ ಸಮೇತ.

9 ಸೆಪ್ಟೆಂಬರ್, ಬೆಳಗ್ಗೆ

ಲೈಟ್ ತರುತ್ತೇನೆ ಅಂದೆ. ಅಮ್ಮ ಹೂ ಕಟ್ಟುತ್ತಿದ್ದವಳು ತಲೆ ಎತ್ತಲೇ ಇಲ್ಲ.

'ಪಿತೃಪಕ್ಷ ಕಣೋ. ಹೊಸಾದು ಏನೂ ಮನೆಗೆ ತರಬಾರ್ದು.'

'ನೋಡ್ಕೊಂಡು ಬರ್ತೀನಿ ಅಷ್ಟೇ.'

'ನೋಡು. ಮುಟ್ಬೇಡ.'

ಕಲಾ ಒಳಗಿಂದ ಕಿಸಕ್ಕನೆ ನಕ್ಕಳು. ಈ ಮನೆಯಲ್ಲಿ ಹೆಂಡತಿ ಯಾವಾಗಲೂ ಅತ್ತೆಯ ಪಾರ್ಟಿ.

13 ಸೆಪ್ಟೆಂಬರ್, ಶನಿವಾರ, ಸಂಜೆ

ನಾಗೇಂದ್ರನ ಗೋಡೌನು. ಮೂರು ಲೈಟ್ ಸಾಲಾಗಿ ಇಟ್ಟು ಮಗ್ಗಿ ಹೇಳಿಕೊಡುವ ಮೇಷ್ಟರ ಹಾಗೆ ಪಾಠ ಮಾಡಿದ.

'ಇದು ಬೀಮ್. ಕಡ್ಡಿ ಥರ ನೆಟ್ಟಗೆ ಹೋಗುತ್ತೆ. ಹೊಗೆ ಮೆಷಿನ್ ಇಲ್ದಿದ್ರೆ ಗೋಡೆ ಮೇಲೆ ಒಂದು ಬೊಟ್ಟು, ಅಷ್ಟೇ. ಹೊಸಬ ಮೊದ್ಲು ಇದನ್ನೇ ತಗೊಂಡು ಕೆಡ್ತಾನೆ. ಇದು ವಾಶ್. ಬಣ್ಣ ನೀರು ಚೆಲ್ದಂಗೆ ಹರಡುತ್ತೆ. ಇದು ಸ್ಪಾಟ್. ಗೋಡೆ ಮೇಲೆ ಚಿತ್ರ ಬೀಳುತ್ತೆ. ಸಣ್ಣ ಹಾಲ್, ಒಬ್ನೇ ಆಳು, ಮೊದ್ಲನೇ ಸಲ—ಇದೇ ನಿಂದು.'

'ದೊಡ್ಡದು ತಗೊಂಡ್ರೆ?'

'ಒಂದೇ ಕೈಲಿ ಎತ್ತಕ್ಕಾಗಬೇಕು ಗುರು. ಫಂಕ್ಷನ್ ಮುಗಿದ ಮೇಲೆ ಮೂರನೇ ಫ್ಲೋರಿಂದ ಇಳಿಸೋನು ನೀನು, ನಿನ್ ಮಾವ ಅಲ್ಲ. ಫ್ಯಾನ್ ಸದ್ದು ಕೇಳಿ ನೋಡು. ಒಂದೇ ಕಂಪನಿದು ಎರಡು ತಗೋ. ಕಂಟ್ರೋಲ್ ಬೋರ್ಡು ಆಮೇಲೆ ಕಲಿಯೋವಂತೆ, ಈಗ ಸೌಂಡ್ ಮೋಡಲ್ಲಿ ಬಿಡು. ಹಾಡು ಕೇಳ್ಕೊಂಡು ಅದೇ ಕುಣಿಯುತ್ತೆ. ನಿನಗಿಂತ ಚೆನ್ನಾಗಿ.'

ಕೊನೆಗೆ ಬೆರಳು ತೋರಿಸಿ ಹೇಳಿದ: 'ಸ್ವಿಚ್ ಹಾಕಿದ ತಕ್ಷಣ ಪೂರ್ತಿ ಒಂದು ಸುತ್ತು ಹೊಡೆಯುತ್ತೆ, ತನ್ನ ಜಾಗ ಹುಡುಕ್ಕೊಂಡು. ಆಗ ಹತ್ರ ಏನೂ ಇರಬಾರ್ದು. ಪರದೆ, ವೈರು, ಏನೂ. ನೆನಪಿಟ್ಕೊ.'

ಸ್ವಿಚ್ ಹಾಕಿದರೆ ಅದಕ್ಕೆ ತನ್ನ ಜಾಗ ಗೊತ್ತಾಗುತ್ತದಂತೆ. ಪುಣ್ಯವಂತ ಲೈಟು.

24 ಸೆಪ್ಟೆಂಬರ್, ಬುಧವಾರ, ರಾತ್ರಿ ಊಟಕ್ಕೆ ಮುಂಚೆ

ಅಮಾವಾಸ್ಯೆ ಕಳೆಯಿತು. ಲೈಟ್ ತಂದೆ. ಎರಡು ಸ್ಪಾಟು.

ಎಸ್.ಪಿ. ರಸ್ತೆಯ ಅಂಗಡಿಯವನು ದೊಡ್ಡ ಬೀಮ್ ಹಚ್ಚಿ ಮರುಳು ಮಾಡಲು ನೋಡಿದ. ಮನಸ್ಸು ಒಂದು ಗಳಿಗೆ ಜಾರಿತು. ಊರಲ್ಲಿ ನಮ್ಮಜ್ಜಿ ಮುತ್ತವ್ವ ಹೇಳುತ್ತಿದ್ದ ಕಥೆಯಲ್ಲಿ ಆನೆ ಕೊಂಡವನೊಬ್ಬ ಅದನ್ನು ಕಟ್ಟಲು ಮನೆಯನ್ನೇ ಕೆಡವುತ್ತಾನೆ. ಅದನ್ನು ನೆನೆದು ಕೈ ಹಿಂದೆ ತೆಗೆದೆ. ಕಥೆಗಳಿಂದ ನನಗೆ ಆದ ಉಪಕಾರ ಇದೊಂದೇ ಇರಬೇಕು. ಫಂಕ್ಷನ್‌ಗಳಲ್ಲಿ ಎರಡು ಹಾಡಿನ ಮಧ್ಯೆ ಅಜ್ಜಿಯದೊಂದು ಕಥೆ ಹೇಳಿದರೆ ಒಂದು ಕಾಲಕ್ಕೆ ಜನ ಕೇಳುತ್ತಿದ್ದರು. ಈಗ ಫೋನ್ ತೆಗೆಯುತ್ತಾರೆ.

ಕಲಾ ಒಂದೇ ಕೈಯಲ್ಲಿ ಎತ್ತಿ ನೋಡಿದಳು. 'ನಮ್ ಗ್ರೈಂಡರ್‌ಗಿಂತ ಹಗುರ. ಪಾಸು.' ಅಮ್ಮ ಸುತ್ತ ಒಂದು ಪ್ರದಕ್ಷಿಣೆ ಬಂದು, 'ಮುಖ ಯಾವ ಕಡೆ ಇದಕ್ಕೆ?' ಅಂತ ಕೇಳಿದಳು. ತೋರಿಸಿದೆ. ಸೆರಗಿನಿಂದ ಗಾಜು ಒರೆಸಿದಳು.

26 ಸೆಪ್ಟೆಂಬರ್

ಅಮ್ಮ ಸರ್ಕಲ್‌ನಲ್ಲಿ ಹೂ ಮಾರುವ ಕಡೆಯೆಲ್ಲ ಸುದ್ದಿ. 'ನನ್ ಮಗ ದೀಪ ತಂದವ್ನೆ. ತಲೆ ಆಡಿಸ್ತವೆ, ಕೋಲೆಬಸವನಂಗೆ.' ಮೊಳ ಹೂವಿನ ಜೊತೆ ಇದು ಕೊಸರು.

1 ಅಕ್ಟೋಬರ್, ಬುಧವಾರ, ಆಯುಧಪೂಜೆ

ಬರೆಯಲು ಕೈ ಬರುತ್ತಿಲ್ಲ. ಬರೆದೇ ಬಿಡುತ್ತೇನೆ.

ಸ್ಪೀಕರ್, ಆಂಪ್ಲಿಫೈಯರ್, ಮೈಕು, ಎಲ್ಲಕ್ಕೂ ಅರಿಶಿನ ಕುಂಕುಮ. ಲೈಟ್ ಎರಡನ್ನೂ ಪಕ್ಕಪಕ್ಕ ಮಣೆಯ ಮೇಲೆ ಕೂರಿಸಿದ್ದೆ. ಹಬ್ಬದ ವ್ಯಾಪಾರ ಬಿಟ್ಟು ಅಮ್ಮ ಬೆಳಗಿನ ಜಾವದಿಂದ ಒಂದೇ ಹಾರ ಕಟ್ಟಿದ್ದಳು. ಸೇವಂತಿಗೆ, ನಡುನಡುವೆ ಮರುಗ. ಎರಡು ಲೈಟಿನ ಕತ್ತಿಗೂ ಸೇರಿಸಿ ಒಂದೇ. 'ಅವಳಿ ಮಕ್ಕಳಿಗೆ ಬೇರೆ ಬೇರೆ ಹಾಕಬಾರ್ದು' ಅಂದಳು. ದಿನಾ ಬಾಳೆನಾರಲ್ಲಿ ಕಟ್ಟುವವಳು, ಹಾರ ಉದ್ದ, ಭಾರ ಜಾಸ್ತಿ ಅಂತ ಇವತ್ತು ನೈಲಾನ್ ದಾರ ತೆಗೆದುಕೊಂಡಿದ್ದಳು.

ಮಂಗಳಾರತಿ ಆಯಿತು. ಸ್ಟೇಟಸ್‌ಗೆ ಒಂದು ವಿಡಿಯೊ ಬೇಕಿತ್ತು ನನಗೆ. ಯೋಗಾನಂದ ನೋಡಲಿ ಅಂತ. ಸ್ವಿಚ್ ಹತ್ತಿರ ಹೋದೆ.

'ತಡಿಯೋ, ಹಾರ ತೆಗೀತೀನಿ' ಅಂದಳು ಅಮ್ಮ.

'ಇರ್ಲಿ ಬಿಡಮ್ಮ, ಹಾರ ಇದ್ರೇನೇ ಚೆಂದ.'

ಹಾಕಿದೆ. ಎರಡೂ ತಲೆ ಒಟ್ಟಿಗೆ ತಿರುಗಿದವು, ಒಂದು ಅತ್ತ, ಒಂದು ಇತ್ತ. ಬಾಳೆನಾರಾಗಿದ್ದರೆ ಹರಿದು ಹೋಗುತ್ತಿತ್ತು. ದಾರ ಹರಿಯಲಿಲ್ಲ. ಎಡಗಡೆಯದರ ಕತ್ತಿನೊಳಗೆ ಸುತ್ತಿ, ಒಳಗೆ ಏನೋ ಟಕ್ ಅಂತು. ಮುಖ ಗೋಡೆಗೆ ತಿರುಗಿಸಿ ನಿಂತಿತು. ಕೋಣೆ ತುಂಬ ಸೇವಂತಿಗೆ ಎಸಳು.

ಅಮ್ಮ ಕತ್ತರಿ ತಂದು ದಾರ ಕತ್ತರಿಸಲು ಕೂತಳು. ನಾನು ಕಿರುಚಿದೆ: 'ನಿಂಗ್ಯಾರಮ್ಮ ಹೇಳಿದ್ದು, ಮಿಷಿನ್ನಿಗೆ ಹಾರ ಹಾಕು ಅಂತ?'

ನಾಗೇಂದ್ರ ಬೆರಳು ತೋರಿಸಿ ಹೇಳಿದ್ದು ನನಗೆ. ಅವಳಿಗಲ್ಲ.

4 ಅಕ್ಟೋಬರ್, ಶನಿವಾರ, ಸಂಜೆ

ಅಂಗಡಿಯವನು ಒಳಗಿಂದ ಮರುಗದ ಕಡ್ಡಿಯೊಂದನ್ನು ಚಿಮಟದಲ್ಲಿ ಎಳೆದು ತೋರಿಸಿದ. 'ಬೆಲ್ಟ್ ಹೋಗಿದೆ ಸಾರ್. ಹೂವಿನ ಹಾರಕ್ಕೆ ವಾರಂಟಿ ಇಲ್ಲ.' ಪಾರ್ಟ್ ಬರಲು ಹದಿನೈದು ದಿನ. ನಾಗೇಂದ್ರನ ಲೈಟೆಲ್ಲ ನಾಳೆಗೆ ಬುಕ್. 'ಒಂದರಲ್ಲೇ ಓಡ್ಸು ಮಗಾ, ಕೆಟ್ಟಿದ್ದನ್ನೂ ಪಕ್ಕದಲ್ಲಿ ನಿಲ್ಸು. ಜೋಡಿ ಅಂತಾದ್ರೂ ಕಾಣುತ್ತೆ.'

ಮೂರು ದಿನದಿಂದ ಅಮ್ಮನ ಜೊತೆ ಮಾತಿಲ್ಲ. ಮಾತು ಬಿಟ್ಟವನು ನಾನು. ಅವಳು ತಟ್ಟೆ ಇಡುತ್ತಾಳೆ, ಹೋಗುತ್ತಾಳೆ.

6 ಅಕ್ಟೋಬರ್, ಸೋಮವಾರ, ಬೆಳಗ್ಗೆ 6

ನಿನ್ನೆಯದನ್ನು ಬರೆಯಬೇಕು.

ಉಂಗುರ ಬದಲಾಯಿಸಿ ಆಯಿತು. ಹಾಡು ಹಾಕಿದೆ. ಬಲಗಡೆಯ ಲೈಟ್ ಕುಣಿಯಿತು, ಎಡಗಡೆಯದು ಗೋಡೆ ನೋಡುತ್ತಾ ನಿಂತಿತು. ಯೋಗಾನಂದ ನೆಂಟರ ಮಧ್ಯದಿಂದಲೇ ಕೂಗಿದರು.

'ಏನ್ರೀ, ಅದ್ಯಾಕೆ ಸೊಸೆ ಮೇಲೆ ಮುನಿಸ್ಕೊಂಡ ಅತ್ತೆ ಥರ ಆ ಕಡೆ ತಿರುಗಿದೆ?'

ಎಲ್ಲರೂ ತಿರುಗಿ ನೋಡಿದರು. ಪಾರ್ಟಿ ಹಾಲ್ ಕೈ ತಪ್ಪಿತು ಅಂದುಕೊಂಡೆ. ಕೈಯಲ್ಲಿ ಮೈಕಿತ್ತು. ಬಾಯಿ ತಾನೇ ಶುರುಮಾಡಿತು.

'ಅದೊಂದು ಕಥೆ ಸಾರ್. ಸರ್ಕಲ್‌ನಲ್ಲಿ ಹೂ ಮಾರೋ ಗಂಗಲಕ್ಷ್ಮಮ್ಮ ಗೊತ್ತಲ್ಲ? ನಮ್ಮಮ್ಮ...'

ಅಮ್ಮನ ದನಿ ತೆಗೆದೆ. ಆ ಎಳೆತ, ಆ ಉಸಿರು. ಕಥೆಯಲ್ಲಿ ಅವಳ ಕೈಯಿಂದ ಲೈಟಿಗೆ ದೃಷ್ಟಿ ತೆಗೆಸಿದೆ, ಶೀತ ಆಗುತ್ತೆ ಅಂತ ಮಫ್ಲರಿನ ಹಾಗೆ ಹಾರ ಸುತ್ತಿಸಿದೆ. ಅವೆರಡೂ ಸುಳ್ಳು. ನಾನು ಕಾಫಿ ಕುಡಿಯಲು ಹೋದಾಗ ಅವಳೇ ಸ್ವಿಚ್ ಹಾಕಿದಳು ಅಂದೆ. 'ಅಯ್ಯೋ ಮಗಾ, ದೀಪಕ್ಕೆ ದೆವ್ವ ಮೆಟ್ಕೊಂಡದೆ ಕಣೋ!' ಅಂತ ಅವಳ ಹಾಗೆಯೇ ಬಾಯಿ ಬಡಿದುಕೊಂಡೆ. ಇಡೀ ಹಾಲ್ ನಕ್ಕಿತು. ಯೋಗಾನಂದ ಹೊಟ್ಟೆ ಹಿಡಿದುಕೊಂಡರು. ಫೋನ್‌ಗಳು ಮೇಲೆದ್ದವು. ಎಷ್ಟು ವರ್ಷವಾಗಿತ್ತು ಜನ ನನ್ನ ಮಾತಿಗೆ ಹಾಗೆ ನಕ್ಕು. ಬಾಯಿ ನಿಲ್ಲಲಿಲ್ಲ.

ಕೇಬಲ್ ಹತ್ತಿರ ಕೂತಿದ್ದ ಕಲಾ ನಗಲಿಲ್ಲ. ಮನೆಗೆ ಬರುವಾಗ ಟೆಂಪೊದಲ್ಲಿ ಒಂದೇ ಮಾತು: 'ಸ್ವಿಚ್ಚೂ ಅವರೇ ಹಾಕಿದ್ರಾ?'

ಅದೇ ದಿನ, ಬೆಳಗ್ಗೆ 10.30

ನಿನ್ನೆ ಕಥೆ ಕೇಳಿದವರು ಇವತ್ತು ಬೆಳಗ್ಗೆ ಏನು ಮಾಡಿದರು ಅನ್ನುವುದನ್ನು ಕಲಾ ಹೇಳಿದಳು. ಅಮ್ಮನಿಗೆ ಕಾಫಿ ಕೊಡಲು ಹೋದವಳು ಅಲ್ಲೇ ನಿಂತು ನೋಡಿದ್ದಾಳೆ.

ಏಳು ಗಂಟೆಯಿಂದಲೇ ಒಬ್ಬೊಬ್ಬರಾಗಿ ಬಂದರಂತೆ. ಹಾಲು ತರುವವರು, ವಾಕಿಂಗ್ ಮುಗಿಸಿದವರು. 'ಅಮ್ಮ, ನಮ್ ಫ್ಯಾನಿಗೂ ಒಂದು ಹಾರ ಕಟ್ಟಿಕೊಡಿ.' 'ನಮ್ ಮಿಕ್ಸಿಗೆ ಶೀತ ಆಗಿದೆ, ಎರಡು ಮೊಳ.' ಅಮ್ಮನಿಗೆ ತಿಳಿಯಲಿಲ್ಲ. ನಗುನಗುತ್ತಾ ಅಳೆದುಕೊಟ್ಟಳಂತೆ, ಒಂದೊಂದು ಗೇಣು ಜಾಸ್ತಿಯೇ. ಆಮೇಲೆ ಒಬ್ಬಳು ಫೋನ್ ತೆಗೆದು ನಿನ್ನೆಯ ವಿಡಿಯೊ ಅಮ್ಮನ ಮುಖದ ಮುಂದೆ ಹಿಡಿದಳು. ಅಮ್ಮ ಪೂರ್ತಿ ನೋಡಿದಳು. 'ಇನ್ನೊಂದ್ ಸಲ ಹಾಕವ್ವ' ಅಂದಳು. ಇನ್ನೊಮ್ಮೆ ನೋಡಿದಳು. ಆ ಹೆಂಗಸಿಗೂ ಹೂ ಅಳೆದುಕೊಟ್ಟಳು.

ಒಂಬತ್ತಕ್ಕೆ ಮನೆಗೆ ಬಂದಳು. ಬುಟ್ಟಿ ಖಾಲಿ. ಸೋಮವಾರ ಮಧ್ಯಾಹ್ನದವರೆಗೂ ಖಾಲಿಯಾಗದ ಬುಟ್ಟಿ.

ಬೈಯಲಿ ಅಂತ ಕಾದೆ. ಸ್ವಿಚ್ಚಿನ ಮಾತು ಕೇಳುತ್ತಾಳೆ ಅಂದುಕೊಂಡೆ. ಕೇಳಲಿಲ್ಲ. ಗೋಡೆಗೆ ಒರಗಿ ಕೂತು, ಖಾಲಿ ಬುಟ್ಟಿ ಪಕ್ಕಕ್ಕೆ ಸರಿಸಿ,

'ನಾನು ಹಂಗಾ ಕಣೋ ಮಾತಾಡೋದು?' ಅಂದಳು.

ಉತ್ತರ ಕೊಡುವಷ್ಟರಲ್ಲಿ ಫೋನ್. ಯೋಗಾನಂದ. ಯಾವಾಗಲೂ ಸ್ಪೀಕರಿಗೆ ಹಾಕುವ ಅಭ್ಯಾಸ, ಹಾಕಿಬಿಟ್ಟೆ.

'ಮಹದೇವ್, ಕಾರ್ತಿಕದ್ದೆಲ್ಲ ನಿಮ್ದೇ ಕಣ್ರೀ. ಲೈಟ್ ಒಂದಿರ್ಲಿ, ಎರಡಿರ್ಲಿ. ಆದ್ರೆ ಒಂದ್ ಮಾತು, ಆ ನಿಮ್ಮಮ್ಮನ ಕಥೆ ಪ್ರತಿ ಫಂಕ್ಷನ್ನಲ್ಲೂ ಬೇಕು. ಹಂಗೇ, ಅದೇ ವಾಯ್ಸಲ್ಲಿ. ಆಗುತ್ತೆ ತಾನೆ?'

ಅಮ್ಮ ನನ್ನನ್ನೇ ನೋಡುತ್ತಿದ್ದಳು.

'ಆಗುತ್ತೆ ಸಾರ್' ಅಂದೆ.

ಅವಳು ಮೊಣಕಾಲಿಗೆ ಕೈಯೂರಿ ಎದ್ದಳು. ಬಾಗಿಲ ತನಕ ಹೋಗಿ ನಿಂತು, ನನ್ನ ಕಡೆ ತಿರುಗದೆ, ಏನೋ ಹೇಳಲು ಬಾಯಿ ತೆರೆದಳು. ದನಿ ಹೊರಗೆ ಬರುವ ಮುಂಚೆಯೇ ಕೈಯಿಂದ ಬಾಯಿ ಮುಚ್ಚಿಕೊಂಡಳು.