ಹೊಗೆಜ್ವರ

ನವೆಂಬರ್ 12, ಗುರುವಾರ. ಹೂಮಾ, ಲೂಸಿಯಾನ

ಬೆಳಿಗ್ಗೆ ನನ್ನ ಶೆಡ್ಡಿನ ವೆಲ್ಡರ್ ಎಲ್ರಾಯ್ ಜ್ವರದಲ್ಲಿ ನಡುಗುತ್ತಿದ್ದ. ಜೊತೆಯವರು ಹಾಲಿನ ಡಬ್ಬ ಕೈಗಿತ್ತು ನಗುತ್ತಿದ್ದರು.

"ವೆಲ್ಡಿಂಗ್ ಮಾಡ್ವಾಗ ಜಿಐ ಪೈಪಿನ ಸತುವಿನ ಹೊಗೆ ಕುಡ್ದಿದೀನಿ ಅಷ್ಟೇ, ಮಿಸ್ ವರ್ನಾ. ಹಾಲು ಕುಡ್ದು ಮಲಗಿದ್ರೆ ನಾಳೆಗೆ ಮಾಯ."

ನನ್ನ ತಮ್ಮ ಆಲ್ಸೀಡ್ ಕೂಡ ವೆಲ್ಡರನೇ, ಹೋದ ತಿಂಗಳು ಇದನ್ನೇ ಹೇಳಿದ್ದ. ಗಟ್ಟಿ ಆಳು, ನೆಗಡಿಗೂ ರಜೆ ಹಾಕಿದವನಲ್ಲ. ಹಾಲು ಕುಡಿದು ಮಲಗಿದ, ಏಳುವಾಗ ರಕ್ತ ಕೆಮ್ಮಿದ. ಮಣ್ಣಿನ ಯಾವುದೋ ಬ್ಯಾಕ್ಟೀರಿಯಾ ಶ್ವಾಸಕೋಶ ಹೊಕ್ಕು ರಕ್ತಕ್ಕೂ ಇಳಿದಿತ್ತು, ಅದು ವೆಲ್ಡರುಗಳನ್ನೇ ಹುಡುಕಿ ಹಿಡಿಯುತ್ತದೆ ಎಂದು ಡಾಕ್ಟರು ಹೇಳಿದ್ದು ಅವನನ್ನು ಹೂತ ಮೇಲೆ.

ಎಲ್ರಾಯನನ್ನು ಬೈದು ಟ್ರಕ್ಕಿಗೆ ಹತ್ತಿಸಿದೆ. "ನಮ್ಮತ್ತೆಗಿಂತ ಜೋರು ನೀವು" ಎಂದು ದಾರಿಯುದ್ದಕ್ಕೂ ಗೊಣಗಿದ. ಆಸ್ಪತ್ರೆಯಲ್ಲಿ ಎಕ್ಸ್‌ರೇ, ರಕ್ತಪರೀಕ್ಷೆ ಎಲ್ಲ ಆಯಿತು, ಬಿಲ್ಲು ನನ್ನ ತಲೆಗೆ. ಶ್ವಾಸಕೋಶ ಸ್ವಚ್ಛ. ಸಂಜೆಗೆ ಜ್ವರವೂ ಇಳಿಯಿತು. ಬರೀ ಹೊಗೆಜ್ವರ! ಅವನ ಹೆಂಡತಿ ಬಂದು ನಗುತ್ತಾ ಕರೆದೊಯ್ದಳು.

ನನಗೆ ಸಂತೋಷವಾಗಬೇಕಿತ್ತು. ಅವನು ನೆಟ್ಟಗೆ ನಡೆದು ಹೋಗುವುದನ್ನು ನೋಡಿ ಹೊಟ್ಟೆ ಉರಿಯಿತು. ಇವನ ಅದೃಷ್ಟದಲ್ಲಿ ಒಂದು ಚೂರು ನನ್ನ ತಮ್ಮನಿಗೆ ಸಿಕ್ಕಿದ್ದರೆ ಯಾರ ಗಂಟು ಹೋಗುತ್ತಿತ್ತು?

ನಾಳೆ ಶೆಡ್ಡಿನಲ್ಲಿ ಎಲ್ಲರೂ ನನ್ನನ್ನು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಆದರೆ ಮುಂದೆ ನಿಜವಾಗಿ ಆ ರೋಗ ಹಿಡಿದವನು ನನ್ನ ಮಾತು ಕೇಳುವುದಿಲ್ಲ, ಅವನನ್ನು ನಾನು ಹೇಗೆ ಟ್ರಕ್ಕಿಗೆ ಹತ್ತಿಸಲಿ?