ಅಂಗಿಯ ಮಡಿಕೆ

ಭಾನುವಾರ, ಮಧ್ಯಾಹ್ನ

ಪುಟ್ಟಿಯ ಅಪ್ಪನಿಗೆ,

ನಿಮ್ಮ ಎರಡು ಕಾಗದಗಳೂ ತಲುಪಿವೆ. ಉತ್ತರ ತಡವಾಯಿತು, ಬೇಕೆಂದೇ ತಡಮಾಡಿದೆ. ಇದನ್ನು ನಿಮಗಿಂತ ಮೊದಲು ಒಡೆದು ಓದುವ ಜೈಲು ಕಚೇರಿಯ ಸಾಹೇಬರಿಗೂ ನಮಸ್ಕಾರ. ಸ್ವಾಮಿ, ಒಂದು ಸಾಲನ್ನೂ ಹೊಡೆದುಹಾಕಬೇಡಿ.

ಕಾಗದದ ತುಂಬ ಬರೀ ಪ್ರೀತಿ ಸುರಿಸಿದ್ದೀರಿ. ಅಸಲು ಮಾತನ್ನು ಮಾತ್ರ ಅತ್ತೆಯ ಬಾಯಲ್ಲಿ ಕಳಿಸಿದ್ದೀರಿ. ಇರಲಿ. ಪುಟ್ಟಿಯನ್ನು ಕರೆದುಕೊಂಡು ನಿಮ್ಮನ್ನು ನೋಡಲು ಬಂದ ದಿನ ಏನಾಯಿತೆಂದು ನನ್ನ ಬಾಯಿಂದಲೂ ಕೇಳಿ.

ನಿಮ್ಮ ಜೈಲು ನೂಲಿನ ಗಿರಣಿಯಾಗಿದ್ದಾಗ ಹತ್ತಿ ಮೂಟೆ ತೂಗುತ್ತಿದ್ದ ಕೋಣೆಯಲ್ಲೇ ಈಗ ನಮ್ಮ ತಪಾಸಣೆ. ತಕ್ಕಡಿ ಹೋಗಿದೆ, ಕೊಕ್ಕೆ ಇನ್ನೂ ಸೂರಿನಲ್ಲಿದೆ. "ಇದು ಮಧ್ಯಮ ಭದ್ರತೆಯ ಜೈಲು ಕಣೇ, ಅಂಥ ಕಟ್ಟುನಿಟ್ಟೇನಿಲ್ಲ" ಎಂದು ನಗುತ್ತಿದ್ದಿರಲ್ಲ? ಕಾವಲಿನ ಹೆಂಗಸು ಪುಟ್ಟಿಯನ್ನು ಬೆಂಚಿನ ಮೇಲೆ ನಿಲ್ಲಿಸಿ, "ಕೈ ಮೇಲೆತ್ತು ಕಂದಾ" ಎಂದು ಅಂಗಿ ಸವರಿದಳು. ಕೆಳಗಿನ ಮಡಿಕೆಯಲ್ಲಿ ಅವಳ ಬೆರಳು ನಿಂತಿತು. ಹೊಲಿಗೆ ಬಿಚ್ಚಿದರೆ, ಮೊಬೈಲಿನ ಸಿಮ್ಮು.

"ಓದಿದೋಳ ಹಾಗೆ ಕಾಣ್ತೀಯ. ಹೆತ್ತ ಮಗೂನೇ ಚೀಲ ಮಾಡ್ಕೊಂಡಿದೀಯಲ್ಲಮ್ಮ?"

ಆಮೇಲೆ ಪುಟ್ಟಿಯ ಮೈಮೇಲಿನ ಬಟ್ಟೆಯನ್ನೆಲ್ಲ ಕಳಚಿದರು. ಅವಳು ಅಳುತ್ತಿದ್ದ ಹೊತ್ತಿಗೇ ನಿಮ್ಮನ್ನೆಲ್ಲ ತಲೆ ಎಣಿಕೆಗೆ ಕರೆಯುವ ಹಳೇ ಗಿರಣಿಯ ಸೈರನ್ ಕೂಗಿತು. ನಿಮಗೆ ಅವಳ ದನಿ ಕೇಳಿಸಿರಲಾರದು.

ಮನೆಗೆ ಬಂದು ಕೇಳಿದರೆ ಅತ್ತೆ ತಣ್ಣಗೆ, "ನಾನೇ ಹೊಲಿದೆ. ಮಗು ಬಟ್ಟೆ ಯಾರು ಮುಟ್ಟಿ ನೋಡ್ತಾರೆ ಅಂದ ಅವನು" ಎಂದರು. ಮೊನ್ನೆ ಅತ್ತೆಯೇ ನಿಮ್ಮನ್ನು ನೋಡಿ ಬಂದು, "ನೀನೇ ಮಾಡಿದ್ದು ಅಂತ ಬರ್ಕೊಟ್ಬಿಡು. ಹೊರಗಿರೋಳು, ನಿಂಗೇನಾಗುತ್ತೆ? ಇಲ್ದಿದ್ರೆ ಅವನ ಶಿಕ್ಷೆ ಕಡಿಮೆ ಆಗೋದು ತಪ್ಪಿಹೋಗುತ್ತೆ" ಎಂದು ನಿಮ್ಮ ಮಾತನ್ನು ಒಪ್ಪಿಸಿದರು.

ಬರೆದುಕೊಡು ಅಂದಿರಲ್ಲ, ಇದೋ, ಬರೆದುಕೊಟ್ಟಿದ್ದೇನೆ. ಸಾಹೇಬರೇ, ತರಿಸಿಕೊಂಡವರು ಇವರು. ಹೊಲಿದವರು ಇವರ ಅಮ್ಮ. ಹೊತ್ತವಳು ಎರಡು ತುಂಬದ ನನ್ನ ಮಗಳು. ನನಗೆ ಗೊತ್ತಿರಲಿಲ್ಲ.

ನನಗೆ ನಿದ್ದೆಯಿಲ್ಲ. ಅವಳು ಬೆಚ್ಚಿಬೀಳುತ್ತಾಳೆ, ನಾನು ಅವಳ ಬಟ್ಟೆಗಳ ಹೊಲಿಗೆಯನ್ನೆಲ್ಲ ತಡವುತ್ತ ಕೂರುತ್ತೇನೆ. ಇನ್ನು ಅವಳನ್ನು ಅಲ್ಲಿಗೆ ಕರೆತರುವುದಿಲ್ಲ. ನಾನೂ ಬರುವುದಿಲ್ಲ.

ಅಲ್ಲಿ ನೀವು ನೇಯುವ ಮಗ್ಗದ ಧೂಳಿಗೆ ಕೆಮ್ಮು ಹೆಚ್ಚಾದರೆ ಡಾಕ್ಟರಿಗೆ ತೋರಿಸಿ. ನಿಮಗೆ ಒಳ್ಳೆಯದಾಗಲಿ, ಇನ್ನೊಬ್ಬರ ತಲೆಗೆ ಕಟ್ಟದೆ ಆಗುವಂಥ ಒಳ್ಳೆಯದು.

ಇಂತಿ,
ಪುಟ್ಟಿಯ ತಾಯಿ

ತಾ.ಕ.: ನಿನ್ನೆ ಬಸ್ಸಿನಲ್ಲಿ ಸಮವಸ್ತ್ರದ ಕಂಡಕ್ಟರ್ ಟಿಕೆಟ್ ಕೇಳುತ್ತ ಬಂದ. ಪುಟ್ಟಿ ಸೀಟಿನ ಮೇಲೆ ಎದ್ದುನಿಂತು ಎರಡೂ ಕೈ ಮೇಲೆತ್ತಿದಳು. "ಎತ್ಕೋಬೇಕಾ ಚಿನ್ನಾ?" ಎಂದು ಆತ ನಕ್ಕ. ಅವಳು ನಗಲಿಲ್ಲ, ಕೈ ಇಳಿಸಲಿಲ್ಲ. ಆತ ಅಂಗಿ ಮುಟ್ಟಿ ನೋಡಲೆಂದು ಕಾದು ನಿಂತಿದ್ದಳು.